ಐದನೇ ಸೀಸನ್, ಮೂರನೇ ಕ್ಯಾಸೆಟ್ಟು

ಒಟ್ಟು ಹದಿನಾಲ್ಕು ಸೀಸನ್ನು, ಮುನ್ನೂರಾ ಎಂಟು ಕಂತು.
ಸೂರ್ಯನ ಬೆಳಕೂ ತಡವರಿಸುವ ಕಟ್ಟಕಡೆಯಲ್ಲಿ
ಒಂದು ದೀಪಸ್ತಂಭ, ಅದನ್ನು ಕಾಯುವ ಹೆಂಗಸು,
ಹಾದುಹೋಗುವ ಹಡಗುಗಳು. ಕತೆ ಇಷ್ಟೇ.
ಇಷ್ಟಕ್ಕೇ ನನ್ನ ಹತ್ತೊಂಬತ್ತು ವರ್ಷ ಹೋಯಿತು.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಎಣಿಸಿ ಬರೆಯುವವನು ನಾನು.
ಮಡಗಾಂವಿನ ಅಂಗಡಿಯಲ್ಲಿ ಹೊಸ ಸೆಟ್ಟಿನ ಬೆಲೆ ಕೇಳಿ
ಕೆಮ್ಮು ಬಂದವನಂತೆ ಹೊರಗೆ ಬಂದಿದ್ದೆ.
ಆಮೇಲೆ ನನಗೆ ನಾನೇ ಹಾಕಿಕೊಂಡ ಕಾಯಿದೆ:
ಒಂದು ಪಾಲು ಬಂಗಡೆಯ ದರಕ್ಕಿಂತ
ನಾಲ್ಕಾಣೆಯೂ ಹೆಚ್ಚು ಕೊಡತಕ್ಕದ್ದಲ್ಲ.
ದೋಣಿ ಬಂದಾಗುವ ಜೂನಿನಲ್ಲಿ ಬಂಗಡೆ ತುಟ್ಟಿ,
ಹಾಗಾಗಿ ಜೂನಿನಲ್ಲಿ ನನ್ನ ಖರೀದಿ ಜೋರು.

ಸಿಗುವುದು ಅರ್ಗಾದ ನೇವಿ ಕ್ವಾರ್ಟರ್ಸಿನಲ್ಲಿ, ವರ್ಗ ಬಂದಾಗ.
ಲಾರಿ ಬಾಗಿಲಿಗೆ ನಿಂತ ಮೇಲೆ
ಯಾರಿಗೂ ಚೌಕಾಶಿಯ ತ್ರಾಣ ಇರುವುದಿಲ್ಲ.
ಕೂಲರು, ಕುಕ್ಕರು, ತೊಟ್ಟಿಲು ಏರಿದ ಮೇಲೂ
ಅಂಗಳದಲ್ಲಿ ಉಳಿಯುತ್ತದೆ ಒಂದು ಪೆಟ್ಟಿಗೆ.
ಗುಜರಿಯ ದಾವಲಸಾಬನಿಗೂ ಹೇಳಿಟ್ಟಿದ್ದೆ:
ಬೆನ್ನಿಗೆ ನೀಲಿ ಗೆರೆ, ದೀಪದ ಗುರುತು, ತೂಕಕ್ಕೆ ಹಾಕಬೇಡ.
ಒಮ್ಮೆ ಊದುಬತ್ತಿ ಕಂಪನಿಯ ಕ್ಯಾಲೆಂಡರ್ ತಂದುಕೊಟ್ಟ.
ಗೆರೆ, ದೀಪ, ಎರಡೂ ಇದ್ದವು. ಐದು ರೂಪಾಯಿ ಕೊಟ್ಟೆ.

ಉಪ್ಪುಗಾಳಿಗೆ ಟೇಪಿನ ಮೇಲೆ ಬೂಷ್ಟು.
ಅಕ್ಕಿಡಬ್ಬಿಯಲ್ಲಿ ಹುಗಿದಿಟ್ಟರೆ, ಗಂಜಿಗೆ ಕೈ ಹಾಕಿದ ಪ್ರಮಿಳಾ ವೈನಿ
ಎರಡನೇ ಸೀಸನ್ ಹಿಡಿದು ನನ್ನೆದುರು ನಿಂತರು,
ಏನೂ ಹೇಳಲಿಲ್ಲ.

ಸಿಕ್ಕ ಕ್ರಮದಲ್ಲೇ ನೋಡಿದೆ.
ಅವಳು ಮೊದಲು ಮುದುಕಿಯಾದಳು,
ಆಮೇಲೆ ಚೀಲ ಹಿಡಿದು ಮೊದಲ ದಿನ ಕೆಲಸಕ್ಕೆ ಬಂದಳು.
ಎಂಟರಲ್ಲಿ ಸತ್ತ ಗೆಳೆಯ ನಾಲ್ಕರಲ್ಲಿ ಜೋಕು ಹೇಳುವಾಗ
ನಗಬೇಕೋ ಬೇಡವೋ ತಿಳಿಯದೆ ಕೂತಿದ್ದೆ.

ಐದನೇ ಸೀಸನ್, ಮೂರನೇ ಕ್ಯಾಸೆಟ್ಟು: ಹನ್ನೆರಡು ರೂಪಾಯಿ.
ಹಡಗು ದಿಕ್ಕು ತಪ್ಪಿದೆ, ದೀಪ ಆರಿದೆ,
ಅವಳು ಕತ್ತಲಲ್ಲಿ ಏಣಿಗೆ ಕೈ ಹಾಕಿದ್ದಾಳೆ,
ಚರ್ರೆಂದು ಪರದೆ ನಡುಗಿ
ಯಾರದೋ ಮನೆ.
ಬಲೂನು. ಕ್ವಾರ್ಟರ್ಸಿನ ಹಸಿರು ಗೋಡೆ.
ಹೆಸರೆಲ್ಲ ತಿಂದಾಗಿ ಕೊನೆಯ ಅಕ್ಷರ ಉಳಿದ ಕೇಕು,
ಕಿರೀಟ ಜಾರಿದ ಹುಡುಗಿ, ಕ್ಯಾಮೆರಾ ಹಿಡಿದವನ ಉಸಿರು,
ಕುರ್ಚಿಯ ಬೆನ್ನಿಗೆ ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮು.
ಮುರಿದ ಹಲ್ಲಿನ ತೂತಿಗೆ ಅಂಟುಪಟ್ಟಿ ಹಚ್ಚಿ
ಯಾರೋ ಅಪ್ಪ ಅವಸರದಲ್ಲಿ ಮಾಡಿಕೊಂಡ ಜಾಗ.
ಹನ್ನೊಂದು ನಿಮಿಷ. ಮತ್ತೆ ಚರ್ರ್.
ದೀಪ ಉರಿಯುತ್ತಿದೆ. ಹಡಗು ಹೊರಟಿದೆ.
ಅವಳ ಅಂಗೈಗೆ ಬಟ್ಟೆ ಸುತ್ತಿದೆ.

ನಡುವೆ ಏನಾಯ್ತು, ಎಂದು ವೈನಿಯ ಮಗ ಕೇಳಿದಾಗಲೆಲ್ಲ
ಬೇರೆ ಬೇರೆ ಹೇಳಿದೆ.
ಹರಿದ ತಂತಿಯ ಎರಡು ತುದಿ ಹಿಡಿದು ತಾನೇ ತಂತಿಯಾದಳು.
ಸೆರಗಿಗೆ ಬೆಂಕಿ ಹಚ್ಚಿ ಬೀಸಿದಳು. ಅಲ್ಲಿ ಸೆರಗು ಎಲ್ಲಿಂದ, ಎಂದ.
ಹಾಗಾದರೆ ನಮ್ಮ ದೇವಗಡದ ದೀಪ ನೋಡಿಕೊಂಡು ಬಂತು ಹಡಗು, ಎಂದೆ.
ಅದಕ್ಕೆ ಒಪ್ಪಿದ.

ಹೋದ ವರ್ಷ ಭಾನುವಾರದ ಸಂತೆಯಲ್ಲಿ,
ಒಣಮೆಣಸಿನ ಪಕ್ಕದ ತಾಡಪತ್ರಿಯ ಮೇಲೆ ಐದನೇ ಸೀಸನ್ನಿನ ಡಿವಿಡಿ.
ಐವತ್ತು ಎಂದ, ನಲವತ್ತಕ್ಕೆ ಕೊಟ್ಟ.
ಅಸಲಿ ಹನ್ನೊಂದು ನಿಮಿಷದಲ್ಲಿ ಏನೂ ಆಗುವುದಿಲ್ಲ.
ನಾಲ್ಕು ನಿಮಿಷ ಏಣಿಯನ್ನೇ ಹತ್ತುತ್ತಾಳೆ.
ಗಾಜು ತಾಗಿ ಕೈ ಕುಯ್ಯುತ್ತದೆ. ಬಲ್ಬು ಬದಲಿಸುತ್ತಾಳೆ.
ಈಗ ಟ್ರಾಲರಿನಲ್ಲಿ ಹೋಗುವ ಹುಡುಗ
ಬಾಗಿಲಲ್ಲೇ ನಿಂತು ನೋಡಿ, ಇದಲ್ಲ ಕಾಕಾ, ಎಂದು ಹೊರಟ.

ವಹಿಯಲ್ಲಿ ಬರೆದೆ: ಮುನ್ನೂರಾ ಎಂಟು, ಭರ್ತಿ.
ಕ್ಯಾಸೆಟ್ಟನ್ನು ಮಾತ್ರ ದಾವಲಸಾಬನಿಗೆ ಕೊಟ್ಟಿಲ್ಲ.
ಕೆಲವು ರಾತ್ರಿ ಹಿಂದಕ್ಕೆ ಓಡಿಸಿ ನಿಲ್ಲಿಸುತ್ತೇನೆ.
ಟೇಪು ಸವೆದಿದೆ. ಕೇಕಿನ ಮೇಲೆ ಉಳಿದದ್ದು
ನಕಾರವೋ ಯಕಾರವೋ,
ಇನ್ನೂ ಓದಲಾಗಿಲ್ಲ.