ಭರಣಿ

ನೆಲ್ಲಿಕಾಯಿ ವೈನಿನ ಭರಣಿಗೆ ಕಿವಿಯಿಟ್ಟರೆ
ಒಳಗೆ ಸಣ್ಣ ಪಿಸುಪಿಸು.
ಇಪ್ಪತ್ತು ವರ್ಷ ನಾಪೋಕ್ಲಿನ ಅಂಗಡಿಗೆ
ಬಾಟಲಿ ತುಂಬಿಕೊಟ್ಟವಳು ನಾನು,
ಈಸ್ಟಿನ ಹಸಿವು ಗೊತ್ತು:
ಸಕ್ಕರೆ ಹಾಕಿದಷ್ಟೂ ಕೇಳುತ್ತದೆ,
ಬಾಯಿ ಬಿಗಿದರೆ ಉಬ್ಬುತ್ತದೆ.

ಈ ಸಲ ಪಿಸುಪಿಸು ನನ್ನೊಳಗೇ.
ನಮ್ಮ ಸೀರೆಗೆ ನೆರಿಗೆ ಹಿಂದೆ;
ಹೊಟ್ಟೆ ಮುಚ್ಚಿಕೊಳ್ಳಲು ಮುಂದೆ ಏನೂ ಇಲ್ಲ.

ಮೂರು ಕೋರ್ಸು ಆಂಟಿಬಯೋಟಿಕ್ ಮುಗಿದ ಮೇಲೆ
ರಾತ್ರಿ ಯಾರೋ ಮೀನಖಂಡವನ್ನು
ಹಗ್ಗದಂತೆ ಹೊಸೆಯುತ್ತಾರೆ.
ಹಗಲೆಲ್ಲ ಎಡಗಣ್ಣ ರೆಪ್ಪೆ
ಯಾರನ್ನೋ ಕರೆಯುತ್ತಲೇ ಇರುತ್ತದೆ.
"ಹೆಂಗಸಿಗೆ ಎಡ ಅದುರಿದರೆ ಶುಭ," ನಾದಿನಿ.
"ಮೆಗ್ನೀಸಿಯಂ ಕಡಿಮೆ," ವಿರಾಜಪೇಟೆಯ ಡಾಕ್ಟರ್ ರಜಿಯಾ.
ಹೊಟ್ಟೆಯ ಈಸ್ಟಿಗೂ ಅದಕ್ಕೂ ನಂಟೇ ಅಂದೆ.
ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ
"ಇರಬಹುದು. ಯಾವುದು ಮೊದಲೋ ಹೇಳಲಾರೆ."

ಬರುವಾಗ ತೋಟದ ಗೇಟಿನಲ್ಲಿ
ರೈಟರ್ ಪಳಂಗಪ್ಪ ಕಾಫಿ ಎಲೆಯೊಂದ ಕಿತ್ತು ಹಿಡಿದ.
ನರ ಹಸಿರು, ನಡುವೆಲ್ಲ ಹಳದಿ.
"ಮೆಗ್ನೀಸಿಯಂ ಸಾಲದು ಅಕ್ಕ, ನಾಳೆ ಸ್ಪ್ರೇ."
ಗಿಡ ಎಲೆಯಲ್ಲೇ ಹೇಳಿಕೊಂಡಿತ್ತು.
ನಾನು ವರ್ಷವಿಡೀ
ಗ್ಯಾಸು, ಗ್ಯಾಸು ಅಂದುಕೊಂಡಿದ್ದೆ.

ಈಗ ಮಾತ್ರೆ, ಕುಂಬಳದ ಬೀಜ,
ಬೆಲ್ಲದ ಕಾಫಿ ಬಂದ್.
ನಡುರಾತ್ರಿ ಕಾಲು ಹಿಡಿದರೆ
ಕುಂಟುತ್ತ ಅಡುಗೆಮನೆಗೆ ಹೋಗಿ
ಭರಣಿಯ ಬಾಯಿಬಟ್ಟೆಯ ಗಂಟು
ಒಂದಿಷ್ಟು ಸಡಿಲಿಸುತ್ತೇನೆ.
ಕತ್ತಲಲ್ಲಿ ಒಂದು ತೇಗು.
ಅದರದೋ,
ನನ್ನದೋ.