ಇಪ್ಪತ್ತೈದನೇ ಸಾಲು

ಅಂಗಡಿ ರೂಸೆಯಲ್ಲಿ, ಬಂದರಿನ ಹಿಂಬದಿಗೆ.
ಡ್ಯಾನ್ಯೂಬ್ ಕಾಣುವುದಿಲ್ಲ, ಅದರ ಚಳಿ ಮಾತ್ರ
ಶಟರಿನ ಸಂದಿಯಿಂದ ನುಸುಳಿ ಬರುತ್ತದೆ
ಏನೂ ಕೊಳ್ಳದ ಗಿರಾಕಿಯ ಹಾಗೆ.
ಬೇರಿಂಗು, ಬೆಲ್ಟು, ಸೀಲು, ಗ್ರೀಸಿನ ಡಬ್ಬಿ,
ಹನ್ನೊಂದು ಸಾವಿರ ಬಗೆ.
ಎಲ್ಲದರ ಲೆಕ್ಕ ಒಂದೇ ಒಂದು ಕಪ್ಪು ಪರದೆಯೊಳಗೆ.

ಬರೆದವನು ಲ್ಯುಬೆನ್.
ಕಾರ್ಖಾನೆ ಮುಚ್ಚಿದ ವರ್ಷ ಮೂರು ತಿಂಗಳು
ಇದೇ ಸ್ಟೂಲಿನ ಮೇಲೆ ಕೂತು ಬರೆದನಂತೆ,
ಕೂಲಿಗೆ ಒಂದು ಹಳೆಯ ಗೇರ್‌ಬಾಕ್ಸ್ ಪಡೆದು ಹೋದನಂತೆ.
ಎಲ್ಲಿಗೆಂದು ದೊಬ್ರಿಂಕಾ ಹೇಳಲಿಲ್ಲ.
ನಾನು ಕೇಳಲಿಲ್ಲ. ನಾನು ರಿಪೇರಿಯವನು,
ಗಂಟೆಗೆ ಇಷ್ಟು ಎಂದು ಮಾತಾಡಿ ಬಂದವನು.

ಪುಟ್ಟ ಕಿಟಕಿಯಲ್ಲಿ ತೆರೆದುಕೊಂಡರೆ ಅದು
ನಮ್ಮ ಭಾಷೆಯ ಭಗ್ನಾವಶೇಷ:
ಬಾಲ ಬಂದ ಸಿ, ಟೋಪಿ ಇಟ್ಟ ಇ,
ಚುಕ್ಕೆ ಚುಕ್ಕೆ ಇಟ್ಟಿಗೆ, ಒಂಟಿ ಕಂಬ,
ಯಾರೋ ಗೋಡೆ ಕಟ್ಟುತ್ತ ಕಟ್ಟುತ್ತ ಎದ್ದುಹೋದ ಹಾಗೆ.

ಆಗ ಅವಳು ಒತ್ತುತ್ತಿದ್ದಳು
ಎಡ ಹೆಬ್ಬೆರಳು ಆಲ್ಟ್, ಬಲ ಕಿರುಬೆರಳು ಎಂಟರ್.
ಮಾನಿಟರಿನ ಹೊಟ್ಟೆಯಲ್ಲಿ ಟಕ್ ಎಂದೊಂದು ಸದ್ದು.
ಒಂದು ಗಳಿಗೆ ಏನೂ ಇಲ್ಲ.
ಗಡಿಯಾರ, ಕಸದ ಬುಟ್ಟಿ, ಹುಲ್ಲುಗುಡ್ಡದ ಚಿತ್ರ, ಬಾಣ
ಎಲ್ಲ ಮುಳುಗಿ,
ಗಾಜು ಕೊಂಚ ಎಡಕ್ಕೆ ವಾಲಿ ಸಾವರಿಸಿಕೊಂಡು,
ಎಂಬತ್ತು ಅಡ್ಡ, ಇಪ್ಪತ್ತೈದು ಉದ್ದ,
ಬೆರಳುದ್ದದ ಬೂದು ಅಕ್ಷರಗಳು,
ಮೈ ಕೈ ನೆಟ್ಟಗಿರುವ ಬಲ್ಗೇರಿಯನ್.
ಪೊರೆ ಬಂದ ಕಣ್ಣಿಗೂ ದಕ್ಕುವಷ್ಟು ದೊಡ್ಡದು.

ಇದು ನಾನು ನೋಡಿದ್ದಲ್ಲ, ಅವಳು ಹೇಳಿದ್ದು.
ನಾನು ಹೋದಾಗ ಹಳೆಯ ಯಂತ್ರ
ಸುಟ್ಟ ವಾಸನೆ ಬಿಟ್ಟು ಎರಡು ದಿನವಾಗಿತ್ತು.

ಹೊಸತನ್ನು ಜೋಡಿಸಿದೆ. ತೆಳ್ಳಗೆ, ಸದ್ದಿಲ್ಲದ್ದು.
ಲ್ಯುಬೆನ್‌ನ ಲೆಕ್ಕವನ್ನು ನಕಲಿಸಿದೆ, ತೆರೆದೆ, ಚಿಂದಿ.
ಅವಳ ಎರಡು ಬೆರಳು ತಾವಾಗಿ ಹೋಗಿ ಒತ್ತಿದವು.
ಬಂತು ಒಂದು ಬಿಳಿ ಚೌಕ:
ಈ ವ್ಯವಸ್ಥೆಯಲ್ಲಿ ಪೂರ್ಣ ಪರದೆಗೆ ಅವಕಾಶವಿಲ್ಲ.
ಇಡೀ ಯಂತ್ರದಲ್ಲಿ ಶುದ್ಧ ಬಲ್ಗೇರಿಯನ್ನಿನಲ್ಲಿ
ಬಂದದ್ದು ಆ ಇಲ್ಲ ಒಂದೇ.

ಮತ್ತೆ ಒತ್ತಿದಳು. ಮತ್ತೆ ಇಲ್ಲ.

ನಾನು ಕೆಮ್ಮಿ, ಡ್ರೈವರು, ಹೊಸ ಕಾರ್ಡು, ಕಾಲ ಬದಲಾಯಿತು
ಎಂದೆಲ್ಲ ಶುರುಮಾಡಿದೆ. ಬೇರೆ ದಾರಿಗಳಿವೆ,
ಒಂದು ವಾರ ಕೊಡಿ ಎಂದೆ.
ಅವಳು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ
ಗಾಜಿಗೆ ಮೂಗು ತಾಗುವಷ್ಟು ಬಾಗಿದಳು.
'ಅರವತ್ತೆರಡು ಸೊನ್ನೆ ಐದು, ಒಳ ವ್ಯಾಸ ಇಪ್ಪತ್ತೈದು,
ಪ್ಲೊವ್‌ಡಿವ್‌ನಿಂದ ಬಂದದ್ದು, ಉಳಿದದ್ದು ನಾಲ್ಕು.'
ಓದುತ್ತಿದ್ದಳು.
ಆ ಇಟ್ಟಿಗೆ ಕಂಬ ಬಾಣಗಳ ರಾಶಿಯನ್ನು
ದಿನಪತ್ರಿಕೆ ಓದುವ ಹಾಗೆ.

'ಒತ್ತಲು ಮರೆತ ದಿನಗಳೂ ಇದ್ದವಲ್ಲ,'
ಎಂದಳು ನನ್ನ ಕಡೆ ತಿರುಗದೆ.

ದಿನದ ಲೆಕ್ಕ ಮುಚ್ಚುವ ಗುಂಡಿ ಒತ್ತಿದಾಗ
ತಳದಲ್ಲಿ, ಕಟ್ಟಕಡೆಯ ಸಾಲಿನಲ್ಲಿ ಮೂಡಿತು
ಮಸುಕು ಇಟ್ಟಿಗೆ, ಕಂಬ, ಜೋಡಿ ಬಾಣ,
ತಲೆಮೇಲೆ ಓರೆಗೆರೆ ಹೊತ್ತ ಒಂದು ಎ, ಇನ್ನೂ ಏನೇನೋ.
'ಇದು?' ಎಂದೆ. ಕೇಳಬಾರದಿತ್ತು.
ಇಟ್ಟಿಗೆಯ ಮೇಲೆ ಗ್ರೀಸಿನ ಬೆರಳಿಟ್ಟು,
'ಸುಪಾ,' ಎಂದಳು. 'ಸುಪಾ ಆರುತ್ತಿದೆ, ಬಾಗಿಲು ಹಾಕು.
ದಿನಾ ಆರು ಗಂಟೆಗೆ ಹೀಗೇ ಹೇಳುತ್ತದೆ.'

ಇಪ್ಪತ್ತು ಲೆವಾ ಎಣಿಸಿ ಕೊಟ್ಟಳು.
ಹಳೆಯ ಮಾನಿಟರನ್ನು ನಾನು ಒಯ್ಯಲೇ ಎಂದರೆ
ಅದರ ಮೇಲೆ ಬೆಕ್ಕು ಮಲಗುತ್ತದೆ, ಇರಲಿ ಎಂದಳು.
ಬೆಕ್ಕು ಎಲ್ಲೂ ಕಾಣಲಿಲ್ಲ.

ಬಸ್ಸಿನಲ್ಲಿ ಕೂತು, ಆವಿ ಕಟ್ಟಿದ ಗಾಜಿನ ಮೇಲೆ
ಒಂದು ಇಟ್ಟಿಗೆ ಬರೆದೆ, ಒಂದು ಕಂಬ.
ಮುಂದಿನದು ಬಾಣವೋ ಎ-ಯೋ ನೆನಪಾಗಲಿಲ್ಲ.