ಎಷ್ಟು ನಂಬರಿನದು

ಇಪ್ಪತ್ತೆರಡು ಸೂಜಿ.
ನೆತ್ತಿಗೆ, ತೋಳಿಗೆ, ತೊಡೆಗೆ, ಪಾದದ ಒಳಬದಿಗೆ
ಒಂದೊಂದಾಗಿ ಇಳಿಸಿ, ಟೇಪು ಹಚ್ಚಿ
ವೈರುಗಳನ್ನು ಜಡೆ ಹೆಣೆದಿದ್ದೇನೆ.
ಸಿದ್ದಗಂಗಮ್ಮನಿಗೆ ಇದೊಂದೂ ಗೊತ್ತಿಲ್ಲ, ನಿದ್ದೆ.
ಬ್ಯಾಟರಾಯನಪುರದ ಗಾರ್ಮೆಂಟ್ಸಿನಲ್ಲಿ ಹದಿನೆಂಟು ವರ್ಷ
ಗಂಟೆಗೆ ಅರವತ್ತು ಕಾಲರು ಹೊಲಿದವರು,
ಸೂಜಿಗೆ ಹೆದರುವವರಲ್ಲ.

ನಿನ್ನೆ ಸಹಿ ಹಾಕುವಾಗ ಕೇಳಿದ್ದು ಒಂದೇ:
"ಪೆಡಲ್ ತುಳಿಯೋಕಾಗತ್ತಾ?"
ಡಾಕ್ಟರು ನನ್ನ ಕಡೆ ನೋಡಿದರು.
ನಾನು ಫೈಲಿನ ಕಡೆ.

ಬೆನ್ನುಹುರಿಯೊಳಗೆ ಹುಣಸೆಬೀಜದಷ್ಟು ಗಡ್ಡೆ.
ಅದನ್ನವರು ಎಳೆ ಎಳೆಯಾಗಿ ಬಿಡಿಸುತ್ತಿದ್ದಾರೆ.
ನಾನು ಮೂಲೆಯಲ್ಲಿ, ಅವರಿಗೆ ಬೆನ್ನು ಕೊಟ್ಟು
ಪರದೆಯ ಹಸಿರು ಗೆರೆ ಓದುತ್ತೇನೆ.
"ಕೊಡ್ಲಾ ಸರ್?"
"ಕೊಡಿ."
ಗುಂಡಿ ಒತ್ತಿದರೆ ಹೊದಿಕೆಯಡಿ ಇಡೀ ಮೈ
ಒಮ್ಮೆ ಬೆಚ್ಚಿ ಸುಮ್ಮನಾಗುತ್ತದೆ.
ನೆತ್ತಿಯ ಸುದ್ದಿ ಹೆಬ್ಬೆರಳಿಗೆ ಮುಟ್ಟಲು
ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲು.
ಬೆಳಿಗ್ಗೆ ನಾಗರಬಾವಿಯಿಂದ ಹೊಸೂರು ರಸ್ತೆಗೆ ನಾನು ಮುಟ್ಟಿದ್ದು
ಎರಡು ಬಸ್ಸು, ಒಂದು ಮುಕ್ಕಾಲು ಗಂಟೆ.

ಹನ್ನೆರಡೂ ಹತ್ತಕ್ಕೆ ಎಡಗಾಲಿನ ಗೆರೆ ತಗ್ಗಿತು.
ಇನ್ನೊಮ್ಮೆ ಕೊಟ್ಟೆ.
ಚಪ್ಪಟೆ.
ಸೂಜಿ ಕಿತ್ತುಬಂತೇನೋ ಎಂದು ಟಾರ್ಚು ಹಿಡಿದು
ಹೊದಿಕೆಯಡಿ ತೂರಿ ನೋಡಿದೆ. ಸೂಜಿ ಅಲ್ಲೇ ಇದೆ.
ಬಲಗಾಲು ಸರಿ ಇದೆ, ಕೈಗಳು ಸರಿ ಇವೆ.
"ಸರ್, ನಿಲ್ಲಿಸಿ."

ಏಳು ವರ್ಷದಲ್ಲಿ ಈ ಮಾತು ಹನ್ನೊಂದು ಸಲ ಆಡಿದ್ದೇನೆ,
ಮೂರು ಸಲ ಸುಳ್ಳಾಗಿದೆ.
ಆ ಮೂರೂ ಈಗ ಗಂಟಲಲ್ಲಿ ಬಂದು ಕೂತವು.

ಅವರು ಕೈ ಎತ್ತಿದರು.
ಅರಿವಳಿಕೆಯ ಡಾಕ್ಟರ್ ನಫೀಸಾ ರಕ್ತದೊತ್ತಡ ಏರಿಸಿದರು,
ಗಾಯಕ್ಕೆ ಉಗುರುಬೆಚ್ಚಗಿನ ಸಲೈನು ಹೊಯ್ದರು.
ಯಾರೋ ಎಫ್ಎಂ ಆರಿಸಿದರು.
ಇನ್ನು ಕಾಯುವುದು. ಹೊರಗೆ ಆಂಬುಲೆನ್ಸೊಂದು
ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಕೂಗುತ್ತಲೇ ಇತ್ತು.

ಏಳನೇ ನಿಮಿಷಕ್ಕೆ ಗೆರೆಯಲ್ಲೊಂದು ಉಬ್ಬು,
ಬಟ್ಟೆಯಡಿ ಸಿಕ್ಕ ಅಂಗಿಗುಂಡಿಯಷ್ಟು.
ಹನ್ನೆರಡಕ್ಕೆ ಇನ್ನಷ್ಟು.
"ಅರ್ಧ ಬಂತು ಸರ್."
"ಅರ್ಧ ಸಾಕಾ?"
ನನ್ನ ಯಂತ್ರಕ್ಕೆ ಅದು ಗೊತ್ತಿಲ್ಲ.
ಗಡ್ಡೆಯ ಚೂರೊಂದನ್ನು ಅಲ್ಲೇ ಬಿಟ್ಟು
ಹೊಲಿದು ಮುಚ್ಚಿದರು.

ಸಂಜೆ ಐಸಿಯುನಲ್ಲಿ ಎಡಗಾಲಿನ ಹೆಬ್ಬೆರಳು ಮುಟ್ಟಿ
"ಆಡಿಸಿ ಅಮ್ಮ" ಎಂದೆ.
ತಡವಾಗಿ, ಮುನಿಸಿಕೊಂಡ ಹಾಗೆ, ಅದು ಬಾಗಿತು.
ಅವರಿಗೆ ಅದರ ಕಡೆ ಗಮನವೇ ಇಲ್ಲ.
"ನೆತ್ತಿ ಯಾಕೆ ಚುರುಚುರು ಅಂತಿದೆ?"
"ಸೂಜಿ ಹಾಕಿದ್ದೆ."

ಕಣ್ಣು ಮುಚ್ಚಿಕೊಂಡೇ ಕೇಳಿದರು:
"ಎಷ್ಟು ನಂಬರಿನದು?"